ಕಣ್ಣಲ್ಲಿ ಮಾಂಸ ಬೆಳೆದದ್ದು: ಹಡಗಿನ ಡೆಕ್‌ನಿಂದ ಸಿರುಗುಪ್ಪದ ಗದ್ದೆವರೆಗೆ

“ಒಕ್ಕಲುತನ ಏನ್ರಿ?” ಅಂತ ಡಾಕ್ಟರಮ್ಮ ಕೇಳಿದರು. ನನ್ನ ಗದ್ದ ಇನ್ನೂ ಆ ಮಷೀನಿನ ಮೇಲೇ ಇತ್ತು, ಹಣೆ ಮುಂದಿನ ಪಟ್ಟಿಗೆ ಒತ್ತಿಕೊಂಡಿತ್ತು. ಹಾಗೇ ಬಾಯಿ ಆಡಿಸಿ, “ಈಗ ಒಕ್ಕಲುತನಾನೇ ರೀ, ಮೊದಲು ನೇವಿಯೊಳಗಿದ್ದೆ, 15 ವರ್ಷ” ಅಂದೆ. ಅವರು ದೀಪ ಆರಿಸಿ, ಕುರ್ಚಿ ಹಿಂದಕ್ಕೆ ಸರಿಸಿ ನಕ್ಕರು. “ಎರಡೂ ಒಂದೇ ಬಿಡ್ರಿ. ಬಿಸಿಲು, ಗಾಳಿ. ಅಲ್ಲಿ ಉಪ್ಪು, ಇಲ್ಲಿ ಧೂಳು.”

ನನ್ನ ಬಲಗಣ್ಣಲ್ಲಿ ಮೂಗಿನ ಕಡೆಯಿಂದ ಒಂದು ಮಾಂಸದ ತುಣುಕು ಕಪ್ಪು ಗುಡ್ಡೆ ಮೇಲೆ ಹತ್ತಿತ್ತು. ನಮ್ಮ ಕಡೆ ‘ಕಣ್ಣಾಗ ಮಾಂಸ ಬೆಳದೈತಿ’ ಅಂತಾರಲ್ಲ, ಅದೇ. ಡಾಕ್ಟರ್ ಭಾಷೆಯಲ್ಲಿ ಟೆರಿಜಿಯಂ. ಗ್ರೀಕ್ ಭಾಷೆಯಲ್ಲಿ ಪುಟ್ಟ ರೆಕ್ಕೆ ಅಂತ ಅರ್ಥವಂತೆ. ಕನ್ನಡಿಯಲ್ಲಿ ನೋಡಿದರೆ ನಿಜವಾಗಲೂ ನೊಣದ ರೆಕ್ಕೆ ಥರಾನೇ ಇತ್ತು, ನಡುವೆ ಕೆಂಪು ನರಗಳ ಗೆರೆ ಬೇರೆ. ಪೊರೆ ಬೇರೆ, ಇದು ಬೇರೆ. ಪೊರೆ ಕಣ್ಣಿನ ಒಳಗೆ ಬರುತ್ತೆ, ಇದು ಮೇಲ್ಗಡೆ ಬೆಳೆಯುತ್ತೆ.

ನಮ್ಮೂರು ಸಿರುಗುಪ್ಪ ತಾಲ್ಲೂಕು. ತುಂಗಭದ್ರಾ ಕಾಲುವೆ ನೀರು, ಭತ್ತದ ಗದ್ದೆ. 2004ರಲ್ಲಿ ನೇವಿ ಸೇರಿ 2019ರಲ್ಲಿ ಬಿಟ್ಟು ಬಂದೆ. ಬಂದವನು ಅಪ್ಪನ ಜೊತೆ ಗದ್ದೆಗೆ ಇಳಿದೆ. ಎರಡು ವರ್ಷಕ್ಕೆಲ್ಲ ಕಣ್ಣು ಕೆಂಪಗೆ ಇರೋದು ಮಾಮೂಲಾಯಿತು. ಸಂಜೆ ಹೊತ್ತಿಗೆ ಮರಳು ಬಿದ್ದ ಹಾಗೆ ಚುಚ್ಚೋದು. ರಾತ್ರಿ ಬೈಕ್ ಓಡಿಸುವಾಗ ಎದುರಿನ ಟ್ರ್ಯಾಕ್ಟರ್ ದೀಪ ಒಂದು ಕಡೆಗೆ ಎಳೆದು ಬಿಟ್ಟ ಹಾಗೆ ಉದ್ದಕ್ಕೆ ಕಾಣೋದು. ಆ ಮಾಂಸ ಕಣ್ಣಿನ ಮುಂಭಾಗವನ್ನು ಜಗ್ಗಿ ಅದರ ದುಂಡನ್ನೇ ಕೆಡಿಸುತ್ತೆ, ಅದಕ್ಕೇ ಹಾಗೆ ಕಾಣೋದು ಅಂತ ಆಮೇಲೆ ಗೊತ್ತಾಯಿತು.

ಆಗ ನಾನು ಮಾಡಿದ್ದು ಒಂದೇ ಕೆಲಸ. ಒಂದು ಮೆಡಿಕಲ್ ಶಾಪಿಗೆ ಹೋಗಿ “ಕಣ್ಣು ಕೆಂಪಗಾಗೈತಿ, ಏನಾದ್ರೂ ಕೊಡ್ರಿ” ಅಂದೆ. ಕೊಟ್ಟರು. ಹಾಕಿದ ಎರಡೇ ದಿನಕ್ಕೆ ಕಣ್ಣು ಬೆಳ್ಳಗೆ, ಬಿಟ್ಟರೆ ಮತ್ತೆ ಕೆಂಪು. ಹೀಗೆ ಒಂದೂವರೆ ವರ್ಷ ಅದನ್ನೇ ಹಾಕಿದೆ. ಬಳ್ಳಾರಿಯಲ್ಲಿ ಡಾಕ್ಟರಮ್ಮ ಆ ಬಾಟಲಿ ನೋಡಿ ಸುಮ್ಮನಾದರು, ಆಮೇಲೆ ಸರಿಯಾಗಿ ಬೈದರು. ಅದು ಸ್ಟೀರಾಯ್ಡ್ ಡ್ರಾಪ್ಸು. ಯಾರೂ ನೋಡದೆ ತಿಂಗಳುಗಟ್ಟಲೆ ಹಾಕಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತೆ, ಕಣ್ಣಿನ ನರ ಹಾಳಾಗುತ್ತೆ, ಪೊರೆಯೂ ಬೇಗ ಬರುತ್ತೆ. ನೋವೇ ಇರೋದಿಲ್ಲ, ಅದಕ್ಕೇ ಗೊತ್ತೂ ಆಗೋದಿಲ್ಲ. ಒತ್ತಡ ಅಳೆದರು, 16 ಬಂತು. 10ರಿಂದ 21 ಇದ್ದರೆ ಸಾಮಾನ್ಯ ಅಂತೆ. ಬಚಾವಾದೆ. ಅಂಗಡಿಯವನದು ತಪ್ಪು ಹೌದು, ಆದರೆ ಮತ್ತೆ ಮತ್ತೆ ಹೋಗಿ ಕೇಳಿದವನು ನಾನೇ ಅಲ್ವಾ.

ನನಗೆ ನಾಚಿಕೆ ಆಗಿದ್ದು ಅದಕ್ಕಲ್ಲ. 15 ವರ್ಷ ಕಣ್ಣನ್ನೇ ಕೆಲಸ ಮಾಡಿಕೊಂಡು ಬದುಕಿದವನು ನಾನು. ಹಡಗಿನಲ್ಲಿ ಲುಕ್‌ಔಟ್ ಅಂದರೆ ಕಣ್ಣು, ಅಷ್ಟೇ. ರಡಾರ್ ಎಷ್ಟೇ ಇರಲಿ, ಡೆಕ್ ಮೇಲೆ ಇಬ್ಬರು ಮೂವರು ಕಣ್ಣು ಬಿಟ್ಟುಕೊಂಡು ನಿಂತಿರಲೇಬೇಕು. ಸಣ್ಣ ಮರದ ದೋಣಿ ರಡಾರ್‌ಗೆ ತಪ್ಪಿಸಿಕೊಳ್ಳಬಹುದು.

ನೇವಿಗೆ ಸೇರುವಾಗ ಎಲ್ಲರೂ ಓಟ, ಪುಷ್‌ಅಪ್ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ಜೊತೆಯವರಲ್ಲಿ ಎಷ್ಟೋ ಜನರನ್ನು ವಾಪಸ್ ಕಳಿಸಿದ್ದು ಕಣ್ಣು. ನಾನು ಒಡಿಶಾದ ಐಎನ್‌ಎಸ್ ಚಿಲ್ಕಾಕ್ಕೆ ಹೋದಾಗ ಮತ್ತೊಮ್ಮೆ ಮೆಡಿಕಲ್ ಆಯಿತು. ಮೊದಲು ಗೋಡೆ ಮೇಲಿನ ಅಕ್ಷರ, 6 ಮೀಟರ್ ದೂರದಿಂದ. ಆರೋಗ್ಯವಾಗಿರುವ ಕಣ್ಣು 6 ಮೀಟರ್‌ನಿಂದ ಓದಬೇಕಾದ ಸಾಲನ್ನು ನೀವೂ 6 ಮೀಟರ್‌ನಿಂದ ಓದಿದರೆ 6/6. ಅದು ಸುಲಭ. ಆಮೇಲೆ ಬಣ್ಣದ ಚುಕ್ಕೆಗಳ ಪುಸ್ತಕ, ಇಶಿಹಾರ ಅಂತ. ಶಿನೊಬು ಇಶಿಹಾರ ಅನ್ನೋ ಜಪಾನಿ ಡಾಕ್ಟರ್ 1917ರಲ್ಲಿ ಮಾಡಿದ್ದು. ಮೊದಲ ಪುಟದಲ್ಲಿ 12 ಇರುತ್ತೆ, ಅದು ಎಲ್ಲರಿಗೂ ಕಾಣುತ್ತೆ. ಎರಡನೇ ಪುಟದಿಂದ ಕಷ್ಟ ಶುರು.

ಮಸ್ಕಿ ಕಡೆಯ ಒಬ್ಬ ಹುಡುಗ ನನ್ನ ಹಿಂದೆಯೇ ಸಾಲಲ್ಲಿದ್ದ. ಓಟದಲ್ಲಿ ನಮ್ಮೆಲ್ಲರಿಗಿಂತ ಮುಂದು. ಅವನಿಗೆ 12 ಬಿಟ್ಟು ಮುಂದೆ ಏನೂ ಸರಿಯಾಗಿ ಕಾಣಲಿಲ್ಲ. ಹೊರಗೆ ಬಂದು ನೀರು ಕುಡಿದು, “ಅದಕ್ಕೇ ನೋಡಲೇ ನಮ್ಮವ್ವ ಬೈತಿದ್ಲು, ಮೆಣಸಿನಕಾಯಿ ಬಿಡಿಸಾಕ ಹಚ್ಚಿದ್ರ ಹಸೀವೂ ಹಣ್ಣಾಗಿದ್ದೂ ಕೂಡಿಸಿ ಕಿತ್ತು ಹಾಕ್ತೀ ಅಂತ” ಅಂದ. ಅಲ್ಲಿವರೆಗೂ ಅವನಿಗೇ ಗೊತ್ತಿರಲಿಲ್ಲ. ಕೆಂಪು ಹಸಿರು ಗೊತ್ತಾಗದೆ ಇರೋದು ಹುಟ್ಟಿನಿಂದಲೇ ಬರೋದು, ತಾಯಿ ಕಡೆಯಿಂದ ಬರುತ್ತೆ, ಗಂಡುಮಕ್ಕಳಲ್ಲೇ ಜಾಸ್ತಿ. ಔಷಧಿ ಇಲ್ಲ. ಅಷ್ಟು ದೂರ ಕಳಿಸಿ ವಾಪಸ್ ಕರೆಸಿಕೊಳ್ಳೋ ಬದಲು ಊರಲ್ಲೇ ಯಾರಾದರೂ ಕಣ್ಣಿನ ಡಾಕ್ಟರ್ ಹತ್ತಿರ ಐದು ನಿಮಿಷ ಆ ಪುಸ್ತಕ ನೋಡಿಸಿಕೊಂಡಿದ್ದರೆ ಆ ಹುಡುಗನ ಎರಡು ವರ್ಷ ಉಳಿಯುತ್ತಿತ್ತು. ಈಗ ನಮ್ಮೂರ ಹುಡುಗರು ಅಗ್ನಿವೀರ್ ಅಂತ ಬಂದು ಕೇಳಿದರೆ ನಾನು ಮೊದಲು ಹೇಳೋದು ಇದನ್ನೇ.

ಬಣ್ಣಕ್ಕೆ ಯಾಕೆ ಅಷ್ಟು ಮಹತ್ವ ಅಂತ ಕಡಲಿಗೆ ಇಳಿದ ಮೇಲೆ ತಿಳಿಯಿತು. ರಾತ್ರಿ ಸಮುದ್ರದಲ್ಲಿ ಹಡಗು ಕಾಣೋದಿಲ್ಲ, ದೀಪ ಮಾತ್ರ ಕಾಣುತ್ತೆ. ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು, ಹಿಂದೆ ಬಿಳಿ. ಬರೀ ಕೆಂಪು ಕಂಡರೆ ಅವನ ಎಡಗಡೆ ನಮಗೆ ಕಾಣುತ್ತಿದೆ ಅಂತ. ಕೆಂಪು ಹಸಿರು ಎರಡೂ ಒಟ್ಟಿಗೆ ಕಂಡರೆ ಅವನು ನೇರ ನಮ್ಮ ಮೇಲೇ ಬರುತ್ತಿದ್ದಾನೆ. ನಾವು ವರದಿ ಕೊಡುವುದೂ ಬಣ್ಣದಲ್ಲೇ: ಮೂತಿಯಿಂದ ಬಲಕ್ಕೆ 30 ಡಿಗ್ರಿ ಅಂದರೆ ‘ಗ್ರೀನ್ 30’, ಎಡಕ್ಕೆ 45 ಅಂದರೆ ‘ರೆಡ್ 45’.

ರಾತ್ರಿ 12ರಿಂದ ಬೆಳಗಿನ ಜಾವ 4ರವರೆಗಿನ ವಾಚ್ (ಕಾವಲಿನ ಸರದಿ) ಇತ್ತು ಅಂದರೆ 11 ಗಂಟೆ ಚಿಲ್ಲರೆಗೇ ಎದ್ದು, ಕೆಂಪು ದೀಪದ ಬೆಳಕಲ್ಲೇ ಬಟ್ಟೆ ಹಾಕಿಕೊಂಡು ಮೇಲೆ ಹೋಗಬೇಕು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಭಾಗಕ್ಕೆ ಕೆಂಪು ಬೆಳಕು ಅಷ್ಟಾಗಿ ತಟ್ಟೋದಿಲ್ಲ, ಅದಕ್ಕೇ ಕೆಂಪು ದೀಪ. ಒಂದು ಸಲ ಯಾರೋ ಪುಣ್ಯಾತ್ಮ ಪಕ್ಕದಲ್ಲಿ ಮೊಬೈಲ್ ತೆರೆದ. ಮುಗಿಯಿತು, ಮತ್ತೆ ಮೊದಲಿಂದ ಅರ್ಧ ಗಂಟೆ ಕುರುಡು. ಇನ್ನೊಂದು ಕಲಿಸಿದ್ದು, ಮಸುಕಾದ ದೀಪವನ್ನು ನೇರ ನೋಡಬಾರದು, ಅದರ ಸ್ವಲ್ಪ ಪಕ್ಕಕ್ಕೆ ನೋಡಬೇಕು. ನೇರ ನೋಡಿದರೆ ಮಾಯ, ಪಕ್ಕಕ್ಕೆ ನೋಡಿದರೆ ಇದೆ. ಮೊದಲು ನಂಬಲಿಲ್ಲ. ನಮ್ಮೂರ ಗದ್ದೆ ಬದುವಿನ ಮೇಲೆ ಅಮಾವಾಸ್ಯೆ ದಿನ ನಿಂತು ಸಣ್ಣ ಚುಕ್ಕಿ ಹಿಡಿದು ನೋಡಿ, ನೀವೂ ಒಪ್ಪುತ್ತೀರಿ.

ಒಮ್ಮೆ ಒಬ್ಬ ನೇವಿ ಡಾಕ್ಟರ್ ಕಣ್ಣಿನ ಬಗ್ಗೆ ಪಾಠ ಮಾಡುವಾಗ ಹಳೇ ಕಥೆ ಹೇಳಿದ್ದರು. 1857ರಿಂದ 1859ರವರೆಗೆ ಆಸ್ಟ್ರಿಯಾದ ನೊವಾರಾ ಅನ್ನೋ ಹಡಗು ಪ್ರಪಂಚ ಸುತ್ತಿತಂತೆ. ತಿಂಗಳುಗಟ್ಟಲೆ ಒಣ ಆಹಾರ ತಿಂದು ಎಷ್ಟೋ ಜನ ನಾವಿಕರಿಗೆ ಇರುಳುಗಣ್ಣು ಬಂತು. ಹಡಗಿನ ಡಾಕ್ಟರ್ ಎಡುವಾರ್ಡ್ ಶ್ವಾರ್ಟ್ಸ್ ಅವರಿಗೆ ಎತ್ತಿನ ಲಿವರ್ ಬೇಯಿಸಿ ತಿನ್ನಿಸಿದ, ಕಣ್ಣು ವಾಪಸ್ ಬಂತು. ವಿಟಮಿನ್ ಎ ಅನ್ನೋ ಹೆಸರೇ ಹುಟ್ಟಿರಲಿಲ್ಲ ಆಗ. ನಮ್ಮಜ್ಜಿ ನುಗ್ಗೆಸೊಪ್ಪು ತಿನ್ನು ಅಂತ ಬೆನ್ನು ಹತ್ತಿದ್ದು ನೆನಪಾಗಿ ಅಲ್ಲೇ ನಗು ಬಂತು.

ಇರಲಿ, ಹಗಲು ವಾಚ್‌ಗೆ ಬರೋಣ, ನನ್ನ ಕಣ್ಣು ಕೆಟ್ಟಿದ್ದು ಅಲ್ಲೇ. ಬಿಸಿಲು ಮೇಲಿಂದ ಮಾತ್ರ ಬರೋದಿಲ್ಲ. ನೀರು ಸುಮಾರು 10 ಪರ್ಸೆಂಟ್ ಅತಿನೇರಳೆ ಕಿರಣವನ್ನು ವಾಪಸ್ ಮೇಲಕ್ಕೆ ಎಸೆಯುತ್ತೆ, ನೊರೆ ಇದ್ದರೆ 25ರ ತನಕ. ಅಂದರೆ ಟೋಪಿ ಹಾಕಿದರೂ ಕೆಳಗಿನಿಂದ ಹೊಡೆತ ಬೀಳುತ್ತೆ. ಬಿಸಿಲ ಕಡೆ ನೋಡುವ ಸರದಿ ಬಂದರೆ ಕಪ್ಪು ಕನ್ನಡಕ ಹಾಕು ಅಂತ ಹೇಳುತ್ತಲೇ ಇದ್ದರು. ಹಗಲು ಕಣ್ಣನ್ನು ಬಿಸಿಲಿಗೆ ಬಿಟ್ಟರೆ ರಾತ್ರಿ ವಾಚ್‌ನಲ್ಲಿ ಕಣ್ಣು ಕತ್ತಲಿಗೆ ಹೊಂದಿಕೊಳ್ಳೋದು ತಡವಾಗುತ್ತೆ ಅಂತಲೂ ಹೇಳಿದ್ದರು. ನಾನು ಹಾಕುತ್ತಿರಲಿಲ್ಲ. ಬೈನಾಕ್ಯುಲರ್ ಹಿಡಿಯುವಾಗಲೆಲ್ಲ ತೆಗೆದು ಹಾಕಿ ಮಾಡೋದು ಬೇಜಾರು, ಬೆವರಿಗೆ ಜಾರುತ್ತೆ. ಜೊತೆಗೆ ಹೊಸ ಹುಡುಗ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತರೆ ಸೀನಿಯರ್‌ಗಳು “ಎಲ್ಲಿ ಶೂಟಿಂಗು?” ಅಂತ ಕಾಡಿಸುತ್ತಿದ್ದರು. ಏಳೆಂಟು ವರ್ಷ ಆದ ಮೇಲೆ ವರ್ಷದ ಮೆಡಿಕಲ್‌ನಲ್ಲಿ ಬಿಳಿ ಗುಡ್ಡೆ ಮೇಲೆ ಹಳದಿ ಗುಳ್ಳೆ ಥರ ಒಂದು ಕಲೆ ಕಂಡಿತು. “ಬಿಸಿಲಿಗೆ ಆಗಿರೋದು, ಕನ್ನಡಕ ಹಾಕು” ಅಂದರು. ಹೂಂ ಅಂದು ಬಂದೆ.

ಅಷ್ಟಾದರೂ ಹಡಗಿನಲ್ಲಿ ಕಣ್ಣು ಉಳಿದದ್ದು ಯಾಕೆ ಅಂದರೆ ಅಲ್ಲಿ ಹೇಳುವವರು, ನೋಡುವವರು ಇದ್ದರು. ಒಂದು ಸಲ ಡೆಕ್‌ನ ತುಕ್ಕು ಕೆರೆಯುತ್ತಿದ್ದೆವು. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯೋದು ಮುಗಿಯೋದೇ ಇಲ್ಲ, ಸುತ್ತಿಗೆಯಲ್ಲಿ ಕುಟ್ಟಿ ತುಕ್ಕು ಉದುರಿಸಿ ಬಣ್ಣ ಬಳಿಯೋದೇ ಅರ್ಧ ಕೆಲಸ. ಗಾಗಲ್ಸ್ ಮಂಜುಗಟ್ಟುತ್ತೆ ಅಂತ ಹಣೆ ಮೇಲೆ ಏರಿಸಿಕೊಂಡಿದ್ದೆ. ಟಕ್ ಅಂತ ಏನೋ ಬಿತ್ತು. ಉಜ್ಜಲು ಕೈ ಎತ್ತಿದೆ, ಪಕ್ಕದವನು ಕೈ ಹಿಡಿದುಕೊಂಡ, ಬಿಡಲೇ ಇಲ್ಲ. ಹಾಗೇ ಕೈ ಹಿಡಿದುಕೊಂಡೇ ಸಿಕ್‌ಬೇಗೆ, ಅಂದರೆ ಹಡಗಿನ ದವಾಖಾನೆಗೆ, ಕರೆದುಕೊಂಡು ಹೋದ. ಅಲ್ಲಿ ಕಣ್ಣಿಗೆ ಕಿತ್ತಳೆ ಬಣ್ಣದ ಹನಿ ಹಾಕಿ ನೀಲಿ ದೀಪ ಬಿಟ್ಟು ನೋಡಿದರೆ ಗಾಯ ಆದ ಜಾಗ ಹಸಿರಾಗಿ ಹೊಳೆಯುತ್ತೆ. ಮರಗಟ್ಟುವ ಹನಿ ಹಾಕಿ ಕಸ ತೆಗೆದರು. ಮಾರನೇ ದಿನ ಬಂದರಿಗೆ ಬಂದ ಮೇಲೆ ಆಸ್ಪತ್ರೆಯಲ್ಲಿ ಕಣ್ಣೊಳಗೆ ಉಳಿದಿದ್ದ ತುಕ್ಕಿನ ಉಂಗುರವನ್ನೂ ಕೆರೆದು ತೆಗೆದರು. ಹೌದು, ಕಬ್ಬಿಣದ ಚೂರು ಕಣ್ಣಲ್ಲಿ ಒಂದೆರಡು ದಿನ ಇದ್ದರೆ ಅಲ್ಲೇ ತುಕ್ಕು ಬಿಡುತ್ತೆ.

ಇದನ್ನು ನಮ್ಮೂರಿಗೆ ಹೋಲಿಸಿ. ರಾಶಿ ಟೈಮಲ್ಲಿ ಭತ್ತದ ಸುಂಕು ಕಣ್ಣಿಗೆ ಬೀಳುತ್ತೆ. ಸೆರಗಿನ ತುದಿ ಹಾಕಿ ತೆಗೆಯೋರು ಒಬ್ಬರು, ನಾಲಿಗೆ ಹಚ್ಚಿ ತೆಗೆಯೋ ಅಜ್ಜಿ ಇನ್ನೊಬ್ಬರು, ಬಾಣಂತಿ ಹಾಲು ಹಾಕು ಅನ್ನೋರು ಮತ್ತೊಬ್ಬರು. ನಮ್ಮ ದೊಡ್ಡಪ್ಪನ ಎಡಗಣ್ಣು ಹೋಗಿದ್ದೇ ಹಾಗೆ. ಗಿಡದ ಚೂರು, ಹೊಟ್ಟು ತಾಗಿ ಆದ ಗಾಯಕ್ಕೆ ಬೂಷ್ಟು ಹತ್ತಿಕೊಳ್ಳುತ್ತೆ, ಅದು ನಿಧಾನಕ್ಕೆ ತಿನ್ನುತ್ತಾ ಹೋಗುತ್ತೆ. ಅವರು ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಕಪ್ಪು ಗುಡ್ಡೆ ಬೆಳ್ಳಗಾಗಿತ್ತು.

ಸರಿ, ಆಪರೇಷನ್ನು. ಮಾಂಸ ಕಪ್ಪು ಗುಡ್ಡೆ ಮೇಲೆ 3 ಮಿಲಿಮೀಟರ್ ಹತ್ತಿತ್ತು, ಇನ್ನು ಬಿಟ್ಟರೆ ಪಾಪೆಗೇ ಅಡ್ಡ ಬರುತ್ತೆ, ತೆಗೆಸಿಬಿಡಿ ಅಂದರು. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್ ಇತ್ತು, ಪಾಲಿಕ್ಲಿನಿಕ್‌ನಿಂದ ರೆಫರಲ್ ಬರೆಸಿಕೊಂಡು ಬಂದೆ. ಡಾಕ್ಟರಮ್ಮ ಕೊಟ್ಟ ತಾರೀಖು 2024ರ ಆಗಸ್ಟ್ 9. ಮನೆಗೆ ಬಂದು ಹೇಳಿದೆ. ಅವ್ವ ಕ್ಯಾಲೆಂಡರ್ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡಳು. ಅವತ್ತು ನಾಗರಪಂಚಮಿ! “ಪಂಚಮಿ ದಿನ ಕಾಯಿಪಲ್ಯಾನೇ ಹೆಚ್ಚಂಗಿಲ್ಲ, ಕಣ್ಣು ಕೊಯ್ಸಿಗೊಂತಾರೇನಲೇ?” ಫೋನ್ ಮಾಡಿ ನಾಚಿಕೊಂಡೇ ಹೇಳಿದೆ. ಡಾಕ್ಟರಮ್ಮ, “ನಮ್ಮ ಮನ್ಯಾಗೂ ಇದೇ ಐತ್ರಿ, 8ಕ್ಕ ಬರ್ರಿ” ಅಂದರು.

8ರ ಬೆಳಿಗ್ಗೆ ಬಸ್ಸಲ್ಲಿ ತಮ್ಮನ ಜೊತೆ ಹೋದೆ. ಊಟ ಮಾಡಿಕೊಂಡೇ ಬನ್ನಿ ಅಂದಿದ್ದರಿಂದ ಬಳ್ಳಾರಿಯಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೇ ಆಸ್ಪತ್ರೆಗೆ ಹೋಗಿದ್ದು. ಬಿಪಿ, ಶುಗರ್ ನೋಡಿದರು. ಕಣ್ಣಿಗೆ ಮರಗಟ್ಟುವ ಹನಿ, ಸುತ್ತಲೂ ಕಂದು ಬಣ್ಣದ ಅಯೋಡಿನ್ ಔಷಧಿ. ಆಮೇಲೆ ಆ ಮಾಂಸದ ಅಡಿಗೇ ಒಂದು ಇಂಜೆಕ್ಷನ್. ಸುಳ್ಳು ಯಾಕೆ ಹೇಳಲಿ, ಆ ಒಂದು ಕ್ಷಣ ಕಾಲು ಬೆರಳು ಮುದುರಿಕೊಂಡವು. ಅಲ್ಲಿಂದ ಮುಂದೆ ನೋವಿಲ್ಲ. ಎಚ್ಚರವಾಗಿಯೇ ಇರುತ್ತೀವಿ, ಮೇಲೆ ದೊಡ್ಡ ದೀಪ, ಅದರಲ್ಲಿ ನೆರಳು ಓಡಾಡುತ್ತೆ. ಕೆರೆಯುವುದು ಗೊತ್ತಾಗುತ್ತೆ. ಅದೇ ತುಕ್ಕು ಕೆರೆದ ಹಾಗೆ ಅನಿಸಿತು ನನಗೆ.

ಬರೀ ಕೆತ್ತಿ ಬಿಟ್ಟರೆ ಅದು ಮತ್ತೆ ಬೆಳೆಯುವುದು ಜಾಸ್ತಿ. ಅದಕ್ಕೆ ಅದೇ ಕಣ್ಣಿನ ಮೇಲ್ರೆಪ್ಪೆ ಅಡಿಯಿಂದ, ಬಿಸಿಲೇ ಕಾಣದ ಜಾಗದಿಂದ, ತೆಳ್ಳಗಿನ ಪದರ ತೆಗೆದು ಖಾಲಿ ಜಾಗಕ್ಕೆ ಅಂಟಿಸುತ್ತಾರೆ. “ಕೆಳಗೆ ನೋಡ್ರಿ, ಇನ್ನೂ ಕೆಳಗೆ” ಅಂದರು, ಪದರ ತೆಗೆದರು. ಸಸಿಮಡಿಯಿಂದ ಕಿತ್ತು ಗದ್ದೆಗೆ ನಾಟಿ ಹಚ್ಚಿದ ಹಾಗೆ. ಮಲಗಿದಲ್ಲೇ ಅದನ್ನೇ ಹೇಳಿದೆ, “ಮಾತಾಡಬ್ಯಾಡ್ರಿ, ಅಲುಗಾಡ್ತದ” ಅಂತ ಬೈಸಿಕೊಂಡೆ. ಹೊಲಿಗೆಯಲ್ಲೂ ಕೂರಿಸಬಹುದು, ಅಂಟಿನಲ್ಲೂ ಕೂರಿಸಬಹುದು. ಅಂಟಿಗೆ ದುಡ್ಡು ಜಾಸ್ತಿ, ಚುಚ್ಚೋದು ಕಡಿಮೆ. ನನಗೆ ಅಂಟು ಹಾಕಿದರು. ಒಟ್ಟು ಮುಕ್ಕಾಲು ಗಂಟೆ.

ಮೊದಲ ರಾತ್ರಿ ಕಷ್ಟ. ಪಟ್ಟಿಯ ಒಳಗೆ ಯಾರೋ ಮೆಣಸಿನಪುಡಿ ಹಾಕಿದ ಹಾಗೆ ಉರಿ, ನೀರು. ಮಾತ್ರೆ ನುಂಗಿ ತಮ್ಮನ ಗೆಳೆಯನ ಮನೆಯಲ್ಲಿ ಮಲಗಿದೆ. 9ಕ್ಕೆ ಪಟ್ಟಿ ಬಿಚ್ಚಿ, ಪದರ ಸರಿಯಾಗಿ ಕೂತಿದೆ ಅಂದರು. ಮನೆಗೆ ಬಂದರೆ ಅವ್ವ ಶೇಂಗಾ ಉಂಡಿ ಕೈಗಿಟ್ಟಳು, ಮುಖ ಮಾತ್ರ ನೋಡಲಿಲ್ಲ. ಕಣ್ಣು ಅಷ್ಟು ಕೆಂಪಗಿತ್ತು.

ಜೋಕಾಲಿ ಹತ್ತಿರ ಹೋದರೆ ಜನ ದೂರ ಸರಿದರು. “ಕಣ್ಣು ಬಂದೈತೇನೋ, ನೋಡಬ್ಯಾಡ್ರಿ ಅವನ್ನ!” ನೋಡಿದರೆ ಅಂಟೋದಿಲ್ಲ ಅಂತ ಎಷ್ಟು ಹೇಳಿದರೂ ಅಷ್ಟೇ. ಕಣ್ಣು ಬರೋದು ಕೈಯಿಂದ, ಟವೆಲ್‌ನಿಂದ, ದಿಂಬಿನಿಂದ. ಹಡಗಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದರ ಮೇಲೊಂದು ಮೂರು ಬಂಕ್, ಕೈ ಚಾಚಿದರೆ ಪಕ್ಕದವನ ಮುಖ. ಒಬ್ಬನಿಗೆ ಬಂದದ್ದು ವಾರದಲ್ಲಿ ಹನ್ನೊಂದು ಜನಕ್ಕೆ ಆಯಿತು, ಲುಕ್‌ಔಟ್‌ಗೆ ನಿಲ್ಲಿಸಲು ಜನ ಇಲ್ಲ. ಬಂದವರನ್ನೆಲ್ಲ ಬೇರೆ ಮಲಗಿಸಿ, ಟವೆಲ್ ಬೇರೆ ಮಾಡಿ, ಬೈನಾಕ್ಯುಲರ್‌ನ ರಬ್ಬರನ್ನು ಪ್ರತಿ ಸರದಿಗೂ ಸ್ಪಿರಿಟ್‌ನಲ್ಲಿ ಒರೆಸಿ ನಿಲ್ಲಿಸಿದರು. ಆಗ ನಮ್ಮ ಬಂಗಾಳಿ ಗೆಳೆಯ ಅದಕ್ಕೆ ‘ಜೊಯ್ ಬಾಂಗ್ಲಾ’ ಅನ್ನುತ್ತಿದ್ದ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಕೋಲ್ಕತ್ತಾ ಕಡೆ ಊರಿಗೆ ಊರೇ ಕಣ್ಣು ಬಂದಿತ್ತು, ಆಗ ಬಂದ ಹೆಸರಂತೆ. ನಮ್ಮಲ್ಲಿ ಮದ್ರಾಸ್ ಐ ಅನ್ನುವ ಹಾಗೆ.

10ರ ರಾತ್ರಿ ಇನ್ನೊಂದು ಆಯಿತು. ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಕೊಂಡು ಹೋಯಿತು. ಬೆಳಗಾಗುವಷ್ಟರಲ್ಲಿ ಊರೆಲ್ಲ ಅದೇ ಮಾತು, ನೀರೆಲ್ಲ ಹೋದರೆ ನಾಟಿ ಮಾಡಿದ ಭತ್ತದ ಗತಿ ಏನು? ಅಪ್ಪ ಟಿವಿ ಮುಂದಿನಿಂದ ಏಳಲಿಲ್ಲ. ನಾನು ಬೆಳಕು ತಡೆಯದೆ ಕಣ್ಣು ಮುಚ್ಚಿಕೊಂಡು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಮುನಿರಾಬಾದಿಗೆ ಹೋಗಿ ನೋಡಿಕೊಂಡು ಬರೋಣ ಅಂತ ಗೆಳೆಯರು ಕರೆದರು. ಧೂಳು ಗಾಳಿ ಬೇಡ ಅಂದಿದ್ದಾರೆ ಅಂದೆ. ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು, ಅಪ್ಪ ಅವತ್ತು ಹೊಟ್ಟೆ ತುಂಬ ಉಂಡರು.

ಡ್ರಾಪ್ಸ್ ಮಾತ್ರ ತಲೆ ತಿನ್ನುವ ಕೆಲಸ. ಇಲ್ಲೂ ಅದೇ ಸ್ಟೀರಾಯ್ಡ್, ಆದರೆ ಲೆಕ್ಕ ಇದೆ. ಮೊದಲ ವಾರ ದಿನಕ್ಕೆ 6 ಸಲ, ಆಮೇಲೆ 4, 3, ಹೀಗೆ ಇಳಿಸುತ್ತಾ ಎರಡು ತಿಂಗಳು, ನಡುವೆ ಎರಡು ಸಲ ಒತ್ತಡ ಅಳೆಸುವುದು. ಗೋಡೆ ಮೇಲೆ ವಾಚ್ ಪಟ್ಟಿ ಥರ ಬರೆದು ಅಂಟಿಸಿದ್ದೆ. ಒಂದು ತಿಂಗಳು ಗದ್ದೆ ಇಲ್ಲ, ತಲೆ ಮೇಲೆ ನೀರು ಸುರಿದುಕೊಳ್ಳುವಂತಿಲ್ಲ. ಕೆಂಪು ಹೋಗಲು ಆರು ವಾರ ಹಿಡಿಯಿತು. ಟ್ರ್ಯಾಕ್ಟರ್ ದೀಪ ಮತ್ತೆ ದುಂಡಗೆ ಕಂಡ ದಿನ ರಸ್ತೆ ಪಕ್ಕ ಬೈಕ್ ನಿಲ್ಲಿಸಿ ಇನ್ನೂ ಎರಡು ಗಾಡಿ ಹೋಗುವವರೆಗೆ ನೋಡುತ್ತಾ ನಿಂತಿದ್ದೆ.

ಕೊನೆಯ ಭೇಟಿಯಲ್ಲಿ ಡಾಕ್ಟರಮ್ಮ, “ಬಿಸಿಲಿಗೆ ಹೋದ್ರ ಕನ್ನಡಕ, ರಾಶಿಗೆ ಹೋದ್ರ ಪಕ್ಕಕ್ಕೂ ಮುಚ್ಚೋ ಕನ್ನಡಕ. ಇಲ್ಲಾಂದ್ರ ಮತ್ತ ನನ್ನ ಹತ್ರಾನ ಬರ್ತೀರಿ” ಅಂದರು. ಕಪ್ಪಗಿದ್ದರೆ ಸಾಲದು, ಅತಿನೇರಳೆ ಕಿರಣ ತಡೆಯುವಂಥದ್ದೇ ಬೇಕು. ಬರೀ ಬಣ್ಣದ ಗಾಜು ಹಾಕಿದರೆ ಕತ್ತಲು ಅಂತ ಪಾಪೆ ಅಗಲ ಆಗಿ ಇನ್ನೂ ಜಾಸ್ತಿ ಕಿರಣ ಒಳಗೆ ಹೋಗುತ್ತೆ.

ಡಿಸೆಂಬರ್‌ನಲ್ಲಿ ಕೊಯ್ಲಿನ ಮಷೀನ್ ಬಂತು. ಹಿಂದೆ ಧೂಳಿನ ಮೋಡ. ಹಾಕಿಕೊಂಡೆ. “ಏನಪಾ, ಹೀರೋ ಆಗ್ಯಾನ!” ಅಂತ ಮಷೀನ್ ಮೇಲಿನ ಹುಡುಗನೇ ಕೂಗಿದ. ಅದೇ ಮಾತು, ಅವತ್ತು ಡೆಕ್ ಮೇಲೆ, ಇವತ್ತು ಗದ್ದೆಯಲ್ಲಿ. ಈ ಸಲ ತೆಗೆಯಲಿಲ್ಲ. ಅವನಿಗೂ ಒಂದು ಕೊಟ್ಟೆ, ಮಧ್ಯಾಹ್ನದವರೆಗೆ ಹಾಕಿಕೊಂಡಿದ್ದ. ಅಪ್ಪ ದೂರದಿಂದ ನೋಡಿ ಸುಮ್ಮನಿದ್ದರು. ರಾತ್ರಿ ಊಟಕ್ಕೆ ಕೂತಾಗ “ನನಗೂ ಒಂದು ತಂದುಕೊಡು, ಕರೇದು ಬ್ಯಾಡ, ಬಿಳೇದು” ಅಂದರು. ತಂದುಕೊಟ್ಟೆ. ಗದ್ದೆಗೆ ಮಾತ್ರ ಹಾಕಿಕೊಂಡು ಹೋಗೋದಿಲ್ಲ, ಸಿರುಗುಪ್ಪಕ್ಕೆ ಬಸ್ಸಲ್ಲಿ ಹೋಗುವಾಗ ಹಾಕಿಕೊಳ್ಳುತ್ತಾರೆ.